ಗುರುವಾರದ ನಾಟಕಕ್ಕೆ ನಂಬರು

ಬಹಳ ವರ್ಷಗಳ ಮೇಲೆ ಆ ಸೀಮೆಗೆ ಹೋದಾಗ, ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಹಿರೇಕೆರೂರು ಕಡೆಯ ಮಾಸ್ತರರೊಬ್ಬರು ಸಿಕ್ಕರು. ಮಳೆ, ಬೆಳೆ, ಬದಲಿಯ ಸುದ್ದಿ ಎಲ್ಲ ಆದಮೇಲೆ, ತಮ್ಮ ಬಸ್ಸು ಬಂತೆಂದು ಏಳುತ್ತ, "ನಿಮ್ಮ ಜೋಡಿ ಶಿಗ್ಗಾಂವ್ಯಾಗ ಇದ್ರಲ್ಲರಿ ದೊಡ್ಡಕ್ಕಾರು, ಅವರು ತೀರ್ಕೊಂಡ್ರು. ಮಳಿಗಾಲ ಸುರುವಾದಾಗ. ನಿಮಗ ಗೊತ್ತಾಗಿರಬೇಕಲ್ಲ" ಎಂದರು. ಗೊತ್ತಿರಲಿಲ್ಲ. ಹೇಗೆ, ಏನಾಗಿತ್ತು ಎಂದು ಕೇಳುವಷ್ಟರಲ್ಲಿ ಅವರು ಬಸ್ಸಿನೊಳಗೆ ಜಾಗ ಹುಡುಕುತ್ತಿದ್ದರು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಹೆಂಗಿದ್ರು ಅವರು?" ಎಂದು ಕೇಳಿದರು. ಎತ್ತರ, ಬಣ್ಣ, ಪಾಠ ಹೇಳುವ ರೀತಿ, ಏನೇನೋ ಹೇಳಬಹುದಿತ್ತು. ನನ್ನ ಬಾಯಿಗೆ ಬಂದದ್ದು ಒಂದೇ: "ರೇಡಿಯೋದಾಗ ಬರೋ ಖೂನಿ ನಾಟಕಕ್ಕ ನಂಬರ ಹಚ್ಚತಿದ್ರು." ಅವರು ನಕ್ಕರು. ನಗುವ ಮಾತೇ. ನಾನು ಮಾತ್ರ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತೆ.

ನಾನು ಗದಗಿನ ಕಡೆಯವಳು. ಮೊದಲ ನೌಕರಿ ಶಿಗ್ಗಾಂವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಸಿಕ್ಕಿತು. ಒಬ್ಬಳೇ ಹುಡುಗಿ, ಪರಊರು, ಎಲ್ಲಿರಬೇಕು ಎಂದು ಅಪ್ಪ ತಲೆಗೆ ಕೈಹಚ್ಚಿಕೊಂಡು ಶಾಲೆಯ ಕಟ್ಟೆಯ ಮೇಲೆ ಕೂತಿದ್ದಾಗ, ಕಪ್ಪಗೆ ಎತ್ತರವಾಗಿದ್ದ ಒಬ್ಬ ಹೆಂಗಸು ವರಾಂಡದಿಂದ ಇಳಿದು ಬಂದು, "ನನ್ನ ಮನಿಯೊಳಗ ಎರಡು ಖೋಲಿ ಅದಾವು. ಒಂದರಾಗ ನಾನು, ಒಂದರಾಗ ರೇಡಿಯೋ. ರೇಡಿಯೋ ಜೋಡಿ ಇರಾಕ ಬೇಜಾರಿಲ್ಲಂದ್ರ ಬರ್ಲಿ" ಎಂದರು. ಅವತ್ತಿನಿಂದ ಅವರು ದೊಡ್ಡಕ್ಕಾರು, ನಾನು ಸಣ್ಣಕ್ಕಾರು. ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕಾರು ಎನ್ನುತ್ತಾರೆ; ಮಕ್ಕಳು ಇಟ್ಟ ಹೆಸರು, ಓಣಿಯೂ ಅದನ್ನೇ ಹಿಡಿಯಿತು.

ಅವರ ಹಣೆಯ ಮೇಲೆ ಕುಂಕುಮ ಇತ್ತು, ಕೊರಳಲ್ಲಿ ತಾಳಿ ಇರಲಿಲ್ಲ. ಗಂಡ ಮುಂಬಯಿಯ ಗಿರಣಿಯಲ್ಲಿದ್ದಾನೆಂದು ಒಬ್ಬರು, ಮದುವೆಯೇ ಆಗಿಲ್ಲವೆಂದು ಇನ್ನೊಬ್ಬರು ಹೇಳುತ್ತಿದ್ದರು. ಧೈರ್ಯ ಮಾಡಿ ನೇರವಾಗಿ ಕೇಳಿದವರಿಗೆ, "ಆ ವಿಷಯದಾಗ ನಾ ನಾಪಾಸ್ರಿ" ಎಂದು ಹೇಳಿ ಮುಂದೆ ನಡೆಯುತ್ತಿದ್ದರು. ಬಸ್ಸಿನಲ್ಲಿ ಎಂದೂ ಕಿಟಕಿಯ ಪಕ್ಕ ಕೂಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಶಾಲೆಯಲ್ಲಿ ಗುಂಪಿನ ಫೋಟೊ ತೆಗೆಯುವಾಗ, "ನೀವೆಲ್ಲಾ ನಿಂದರ್ರಿ, ನಾ ಸಾಲು ನೆಟ್ಟಗ ಮಾಡತೇನಿ" ಎಂದು ಫೋಟೊದವನ ಬದಿಗೇ ನಿಂತುಬಿಡುತ್ತಿದ್ದರು. ಹೀಗಾಗಿ ಅವರದೊಂದು ಫೋಟೊ ನನ್ನ ಬಳಿಯೂ ಇಲ್ಲ, ಯಾರ ಬಳಿಯೂ ಇರಲಿಕ್ಕಿಲ್ಲ.

ರೇಡಿಯೋ ಒಂದೇ ಅವರ ವೈಭವ. ಮಾಳಿಗೆಯ ಮೇಲೆ ದನಿ ಹಿಡಿಯುವ ತಂತಿಯ ಜಾಳಿಗೆ, ಪೆಟ್ಟಿಗೆಗೆ ಕಸೂತಿ ಹಾಕಿದ ಹೊದಿಕೆ. ಗುಂಡಿ ತಿರುವಿದ ಮೇಲೆ ಒಳಗೆ ಕಾವು ಏರಿ ದನಿ ಬರುವ ತನಕ ಒಂದಿಷ್ಟು ಹೊತ್ತು ಕಾಯಬೇಕು. ಗುರುವಾರ ದೀಪ ಹಚ್ಚಿದ ಮೇಲೆ ಧಾರವಾಡದಿಂದ ಪತ್ತೇದಾರಿ ನಾಟಕ ಬರುತ್ತಿತ್ತು. ವಾರಕ್ಕೊಂದು ಖೂನಿ, ವಾರಕ್ಕೊಂದು ಪತ್ತೆ. ಫೌಜದಾರ ಮಾತ್ರ ಎಲ್ಲ ನಾಟಕಗಳಲ್ಲಿ ಒಬ್ಬನೇ. ಅವನು ಕೆಮ್ಮಿ, ಕಡ್ಡಿ ಗೀರಿ ಬೀಡಿ ಹಚ್ಚಿದನೆಂದರೆ ಕಳ್ಳ ಸಿಕ್ಕಿಬಿದ್ದನೆಂದೇ ಅರ್ಥ.

ಗುರುವಾರ ಬಾಜೂ ಮನೆಯ ಹಾಜರಾಬಿ ತಪ್ಪದೆ ಬರುತ್ತಿದ್ದರು. ಅವರ ಗಂಡ ಬಂಕಾಪುರ, ಸವಣೂರಿನ ಸಂತೆಗಳಿಗೆ ಅರಿವೆಯ ಗಂಟು ಹೊತ್ತು ಹೋದವನು ತಿರುಗಿ ಬರುವುದು ತಡ. ಹಾಜರಾಬಿ ತೊಡೆಯ ಮೇಲೆ ಹಳೆಯ ಅರಿವೆಯ ತುಂಡುಗಳ ಕೌದಿ ಹರಡಿಕೊಂಡು ಹೊಲಿಯುತ್ತಲೇ ನಾಟಕ ಕೇಳುವರು. "ಈ ರೇಡಿಯೋದವರಿಗೆ ಇರೋದು ಒಂದ ಬಾಗಲೇನ್ರಿ ಅಕ್ಕಾರ? ಶಾವಕಾರ್ರ ಮನ್ಯಾಗೂ ಅದ ಕಿರ್ ಅಂತೈತಿ, ಬಡವರ ಮನ್ಯಾಗೂ ಅದ ಕಿರ್ ಅಂತೈತಿ. ಒಂದ್ ಚಮಚಾ ಎಣ್ಣಿ ಹಾಕಾಕ ಯಾರಿಗೂ ಆಗೂದಿಲ್ಲ" ಎಂದು ಅವರು ಹೇಳಿದ ಮೇಲೆ, ನಮಗೆ ಎಂಥ ಭಯಂಕರ ದೃಶ್ಯದಲ್ಲಿಯೂ ಬಾಗಿಲು ಕಿರುಗುಟ್ಟಿತೆಂದರೆ ನಗು ತಡೆಯುವುದು ಕಷ್ಟವಾಗುತ್ತಿತ್ತು.

ನಾಟಕ ಮುಗಿದೊಡನೆ ದೊಡ್ಡಕ್ಕಾರು ಗುಂಡಿ ತಿರುವಿ, ಹೊದಿಕೆ ಎಳೆದು, ಚಹದ ಬಟ್ಟಲು ಮುಂದಿಟ್ಟುಕೊಂಡು ಕೂಡುತ್ತಿದ್ದರು. "ಹೇಳ್ರಿ. ಇದನ್ನ ಎಲ್ಲಿ ಕುಂಡ್ರಸೂಣು?"

ನಮ್ಮ ಶಾಲೆಗಳಲ್ಲಿ ಆಗ ನಂಬರಿನ ಪ್ರಕಾರ ಮಕ್ಕಳನ್ನು ಕೂಡಿಸುವ ರೂಢಿ. ಮೊದಲ ನಂಬರಿನವರು ಮುಂದಿನ ಸಾಲಿನಲ್ಲಿ, ದಡ್ಡರು ಗೋಡೆಗೆ. ದೊಡ್ಡಕ್ಕಾರು ನಾಟಕಗಳನ್ನೂ ಹಾಗೆಯೇ ಕೂಡಿಸುತ್ತಿದ್ದರು. ಹೊಸ ನಾಟಕ ಬಂದಾಗಲೆಲ್ಲ ಹಳೆಯವು ಸರಿದು ಜಾಗ ಕೊಡಬೇಕು. ಯಾವುದು ಯಾವುದರ ಮುಂದೆ, ಯಾವುದು ಯಾವುದರ ಹಿಂದೆ ಎಂಬುದು ಮೂವರ ತಲೆಯಲ್ಲಿಯೂ ಇತ್ತು, ಜಗಳವೂ ಅದಕ್ಕೇ. ಕಳ್ಳನನ್ನು ನಾನು ಮೊದಲೇ ಗುರುತಿಸಲಾರದೆ ಹೋದರೆ ಅದು ನನಗೆ ಒಳ್ಳೆಯ ನಾಟಕ. ಹಾಜರಾಬಿಗೆ ಹೆದರಿಕೆಯಾಗಿ ಬೆರಳಿಗೆ ಸೂಜಿ ಚುಚ್ಚಬೇಕು. "ಇವತ್ತ ಎರಡ ಸಲ ಚುಚ್ಚೇತ್ರಿ, ಮುಂದ ಕುಂಡ್ರಸ್ರಿ" ಎಂದು ಅವರು ಬೆರಳು ತೋರಿಸುವರು.

ದೊಡ್ಡಕ್ಕಾರ ಲೆಕ್ಕವೇ ಬೇರೆ. ರೈಲಿನ ಡಬ್ಬಿಯಲ್ಲಿ ಒಬ್ಬ ವ್ಯಾಪಾರಿಗೆ ವಿಷ ಹಾಕುವ ನಾಟಕವೊಂದು ಬಂದಿತ್ತು. ಎಂಥ ಗಂಟು, ಎಂಥ ಬಿಡಿಸುವಿಕೆ! ಇದೇ ಮೊದಲ ನಂಬರು ಎಂದು ನಾನು ಹಟ ಹಿಡಿದೆ. ಅವರು ಚಹ ಆರಿಸಿಕೊಳ್ಳುತ್ತ, "ಸತ್ತವನ ಹೆಸರು ಹೇಳ್ರಿ ನೋಡೂಣು" ಎಂದರು. ನನಗೆ ನೆನಪಾಗಲಿಲ್ಲ. ಹಾಜರಾಬಿಗೂ ಆಗಲಿಲ್ಲ. ಅರ್ಧ ತಾಸು ಅವನ ಹೆಣದ ಸುತ್ತ ಕೂತಿದ್ದೆವು.

"ನೋಡ್ರಿ, ಒಂದು ಜೀವ ಹೋಗೇತಿ, ಮನ್ಯಾಗ ಒಬ್ಬರರ ಗಪ್ಪಾದ್ರೇನು? ಎಲ್ಲಾರೂ ಕುರ್ಚಿಮ್ಯಾಲೆ ಕುಂತು ಫೌಜದಾರಗ ಉತ್ತರಾ ಕೊಡಾಕತ್ತಾರ. ಇದು ಗಣಿತದ ಪಾಠ ಆತು, ನಾಟಕ ಆಗಲಿಲ್ಲ. ಗೋಡಿಗೆ ಕುಂಡ್ರಸ್ರಿ."

ಅವರು ಮುಂದಿನ ಸಾಲಿನ ಮೊದಲ ಜಾಗ ಕೊಟ್ಟದ್ದು ಒಂದು ಬಡಕಲು ನಾಟಕಕ್ಕೆ. ಕಳ್ಳ ಯಾರೆಂದು ಮೊದಲ ಮಾತಿಗೇ ತಿಳಿಯುತ್ತಿತ್ತು. ಆದರೆ ಸತ್ತ ಮುದುಕನ ಮನೆಯಲ್ಲಿ ಕಸ ಮುಸುರೆ ಮಾಡುವ ಹೆಂಗಸೊಬ್ಬಳು, ಫೌಜದಾರ ಪ್ರಶ್ನೆ ಕೇಳುತ್ತಿದ್ದಾಗ ನಡುವೆಯೇ ಎದ್ದು, "ಧಣೇರ ಜಳಕಕ್ಕ ನೀರು ಕಾದಾವು" ಎಂದು ಒಳಗೆ ಹೊರಡುತ್ತಾಳೆ, ಅವಳ ಹೆಜ್ಜೆಯ ಸದ್ದು ಹಾಗೇ ನಿಂತುಬಿಡುತ್ತದೆ. ಅಷ್ಟೇ. ಆ ಒಂದು ಮಾತಿಗಾಗಿ ಅದು ನಾನು ಅಲ್ಲಿದ್ದಷ್ಟು ದಿನ ಮೊದಲ ನಂಬರು ಬಿಟ್ಟು ಅಲುಗಲಿಲ್ಲ.

ಒಂದು ಗುರುವಾರದ ನಾಟಕದಲ್ಲಿ ಖೂನಿಯೇ ಇರಲಿಲ್ಲ. ಒಬ್ಬ ಹೆಂಗಸು ನೀರಿಗೆ ಹೋದವಳು ಮರಳಿ ಬರುವುದಿಲ್ಲ. ಕೆರೆಯ ದಂಡೆಯಲ್ಲಿ ಅವಳ ಸೀರೆ ಸಿಗುತ್ತದೆ. ಗಂಡನೇ ಮುಳುಗಿಸಿದ್ದಾನೆಂದು ಊರೆಲ್ಲ ಹೇಳುವಾಗ, ಫೌಜದಾರ ಕೆಮ್ಮಿ ಕಡ್ಡಿ ಗೀರುತ್ತಾನೆ. ಅವಳು ಸತ್ತಿಲ್ಲ, ಬೇರೆ ಊರಿನಲ್ಲಿ ಬೇರೆ ಹೆಸರಿನಿಂದ ಇದ್ದಾಳೆ. ಕರೆತಂದು ಗಂಡನ ಮನೆಯ ಬಾಗಿಲಲ್ಲಿ ನಿಲ್ಲಿಸುತ್ತಾನೆ. ಬಾಗಿಲು ಕಿರುಗುಟ್ಟುತ್ತದೆ, ನಾಟಕ ಮುಗಿಯುತ್ತದೆ. ನಾನೂ ಹಾಜರಾಬಿಯೂ ಚಪ್ಪಾಳೆ ತಟ್ಟಿದೆವು.

ದೊಡ್ಡಕ್ಕಾರು ಗುಂಡಿ ತಿರುವಲಿಲ್ಲ. ರೇಡಿಯೋದಲ್ಲಿ ಮಾರುಕಟ್ಟೆಯ ಧಾರಣೆ ಶುರುವಾಗಿ, ಅದೂ ಮುಗಿಯುತ್ತ ಬಂತು.

"ಎಲ್ಲಿ ಕುಂಡ್ರಸೂಣ್ರಿ ಅಕ್ಕಾರ?" ಎಂದರು ಹಾಜರಾಬಿ.

"ಕುಂಡ್ರಸಬ್ಯಾಡ್ರಿ. ಹೊರಗ ನಿಂದ್ರಸ್ರಿ."

"ಯಾಕ್ರಿ? ಚೊಲೋ ಇತ್ತಲ್ಲ, ಹೆಂಗ ಹುಡಕಿದ ನೋಡ್ರಿ" ಎಂದೆ ನಾನು.

"ಹುಡುಕು ಅಂತ ಅಕಿ ಹೇಳಿದ್ಲೇನು?" ಅವರ ದನಿ ಎಂದೂ ಇಲ್ಲದಷ್ಟು ಏರಿತ್ತು. "ಯಾಕ ಹೋದಿ ಅಂತ ಒಬ್ಬರರ ಕೇಳಿದ್ರೇನು ಅಕಿನ್ನ? ಕಳದ ದನಾ ಹಿಡಕೊಂಡು ಬಂದಂಗ ಬಂದ, ಕಟ್ಟಿದ, ಹೋದ."

ಚಹ ಅವತ್ತು ಆಗಲಿಲ್ಲ. ಹಾಜರಾಬಿ ಕೌದಿ ಮಡಚಿಕೊಂಡು ಸದ್ದಿಲ್ಲದೆ ಎದ್ದು ಹೋದರು.

ಆ ಸಲದ ಸುಗ್ಗಿ ಮುಗಿದು ಮದುವೆಯ ದಿನಗಳು ಹತ್ತಿರ ಬಂದಿದ್ದವು. ಒಂದು ಆದಿತ್ಯವಾರ ಬೆಳಿಗ್ಗೆ ಧೋತರ, ಕೋಟು, ಪಟಕಾದ ಹಿರಿಯರೊಬ್ಬರು ಬಾಗಿಲಲ್ಲಿ ಬಂದು ನಿಂತರು. "ಅಕ್ಕಾರು ಅದಾರೇನ್ರಿ?" ಯಾವುದೋ ಹುಡುಗಿಯ ತಂದೆಯಿರಬೇಕೆಂದು ಒಳಗೆ ಕರೆದೆ. ದೊಡ್ಡಕ್ಕಾರು ಪಡಸಾಲೆಯಲ್ಲಿ ಜೋಳ ಕೇರುತ್ತಿದ್ದರು. ತಲೆಯೆತ್ತಿ ನೋಡಿದರು. ಮೊರ ಕೆಳಗಿಟ್ಟರು. ನಾನು ಒಳಗೆ ಹೋಗಲು ತಿರುಗಿದಾಗ, "ನೀ ಎಲ್ಲಿಗೂ ಹೋಗಬ್ಯಾಡ ತಂಗಿ. ಇಲ್ಲೇ ಕೂಡು" ಎಂದರು. ಅವರು ನನ್ನನ್ನು ತಂಗಿ ಎಂದದ್ದು ಅದೇ ಮೊದಲು.

ಬಂದವರು ಚಾಪೆಯ ತುದಿಯಲ್ಲಿ ಕೂತರು. ಕೊಟ್ಟ ನೀರು ಕುಡಿದರು. ಆಮೇಲೆ ನೆಲ ನೋಡುತ್ತ ಹೇಳಿದರು: "ಹೋದ ವಾರ ಬಸ್‌ಸ್ಟ್ಯಾಂಡಿನಾಗ ಹುಡುಗ್ಯಾರನ್ನ ಸಾಲು ನಿಂದ್ರಿಸಿದ್ದಿ. ನಾ ಸವಣೂರ ಬಸ್ಸಿನಾಗ ಕುಂತಿದ್ದೆ. ಮಾರಿ ಗುರ್ತು ಹತ್ತಲಿಲ್ಲ. ದನಿ ಕೇಳಿ ಎದಿ ಝಲ್ಲಂತು."

"ನೀ ಭಾಳ ಮುದುಕ ಆಗೀಯಲ್ಲೋ ಅಣ್ಣಾ" ಎಂದರು ದೊಡ್ಡಕ್ಕಾರು.

ಅವರ ಊರು ದೂರ, ಕೃಷ್ಣೆಯ ಕಡೆ. ಅಣ್ಣ ಬಂದದ್ದು ಕರೆದೊಯ್ಯಲು ಅಲ್ಲ. ಅವನ ಮಗಳನ್ನು ಸವಣೂರಿನ ಎಲೆಬಳ್ಳಿ ತೋಟದವರ ಮನೆಗೆ ಕೊಡುವುದೆಂದು ನಿಶ್ಚಯವಾಗಿತ್ತು. "ನಮ್ಮ ತಂಗಿ ಒಬ್ಬಾಕಿ ಹೊಳಿಗೆ ಬಿದ್ದು ಸತ್ತಾಳಂತ ಬೀಗರಿಗೆ ಗೊತ್ತೈತಿ. ಅದಕ್ಕ ಅವರು ಏನೂ ಅಂದಿಲ್ಲ. ಸವಣೂರು ಇಲ್ಲಿಂದ ಎಷ್ಟರ ದೂರ? ನೀ ಅದೀ ಅಂತ ಗೊತ್ತಾದ್ರ..."

"ಏನಂತಾರ?"

"ಓಡಿ ಹೋಗಿದ್ಲು ಅಂತಾರ."

"ಖರೇನ ಅಂತಾರಲ್ಲ. ಓಡೇ ಬಂದೇನಿ." ಅವರ ದನಿ ತಗ್ಗಿತ್ತು, ಸಿಟ್ಟಿರಲಿಲ್ಲ. "ನಾ ಯಾರಿಗೂ ಸುಳ್ಳು ಹೇಳಿಲ್ಲೋ ಅಣ್ಣಾ. ಹೊಳಿ ದಂಡಿಮ್ಯಾಲ ಕೊಡ ಇಟ್ಟೆ, ಠೇಸನ್ನಿನ ದಾರಿ ಹಿಡದೆ. ಸತ್ಲು ಅಂತ ನೀವ ಅಂದ್ಕೊಂಡ್ರಿ. ಎರಡು ಸಲ ಹೊಡಸಿಕೊಂಡು ತವರಿಗೆ ಬಂದಾಗ ನೀನ ಚಕ್ಕಡಿ ಹೂಡಿ ತಿರುಗಿ ಬಿಟ್ಟು ಬಂದಿ. ಮೂರನೇ ಸಲ ನಿಮ್ಮ ದಾರಿ ಹಿಡೀಲಿಲ್ಲ. ಅಷ್ಟ."

ಆ ಮನುಷ್ಯ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅವ್ವ ಹೆಂಗದಾಳ?"

"ಹೋಗಿ ಭಾಳ ವರ್ಷ ಆತು."

ದೊಡ್ಡಕ್ಕಾರು ಮೊರವನ್ನು ಕೈಗೆ ತೆಗೆದುಕೊಂಡರು. ಜೋಳ ಸ್ವಚ್ಛವಾಗಿಯೇ ಇತ್ತು. ಸುಮ್ಮನೆ ಕೇರತೊಡಗಿದರು. ಕೇರುತ್ತಲೇ ಕೇಳಿದರು: "ನಾ ಸತ್ತೆ ಅಂದಾಗ ಅಕಿ ಅತ್ಲೇನು?"

"ಅತ್ಲು ಅಂದ್ರ?" ಎಂದ ಅಣ್ಣ. "ನಿನ್ನ ಹೆಣಾ ನಮ್ಮೂರ ಕಡೆ ತೇಲಿ ಬರತೈತಿ ಅಂತ ದಿನಾ ಹೊಳಿ ದಂಡಿಗೆ ಹೋಗಿ ಕುಂದರತಿದ್ಲು. ಆ ನೀರು ಮತ್ತ ಬಾಯಾಗ ಹಾಕಲಿಲ್ಲ. ಮನಿ ಮಂದಿ ಎಲ್ಲಾ ಹೊಳಿ ನೀರು ಕುಡದ್ರ, ಅಕಿ ಒಬ್ಬಾಕಿ ಉಪ್ಪುಬಾವಿ ನೀರು ಕುಡದ್ಲು. ಸಾಯೂತನಕಾ."

ಮೊರ ನಿಂತಿತು. ಅವರು ಅಳಲಿಲ್ಲ. ನಾನೇ ಎದ್ದು ಒಂದು ತಂಬಿಗೆ ನೀರು ತಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

ಮೊರ ಬದಿಗೆ ಸರಿಸಿ, "ಮದಲಗಿತ್ತಿ ಹೆಸರೇನು?" ಎಂದರು.

ಅಣ್ಣ ತಡವರಿಸಿದ. "ನಿಂದ. ಅವ್ವನ ಇಟ್ಲು. ಕೂಸು ಹುಟ್ಟಿದಾಗ, ಅಕೀನ ತಿರುಗಿ ಬಂದಾಳ ಅಂದ್ಲು."

ದೊಡ್ಡಕ್ಕಾರು ಎದ್ದು ಒಳಗೆ ಹೋದರು. ಟ್ರಂಕು ತೆಗೆದ ಸದ್ದಾಯಿತು. ಕುಪ್ಪಸಕ್ಕೆಂದು ಇಟ್ಟ ಒಂದು ಗುಳೇದಗುಡ್ಡದ ಖಣ ತಂದು ಅಣ್ಣನ ಮುಂದಿಟ್ಟರು. "ಅತ್ತಿ ಕೊಟ್ಲು ಅನಬ್ಯಾಡ. ಪ್ಯಾಟ್ಯಾಗ ತಂದೇನಿ ಅನ್ನು. ಹೋಗು ಅಣ್ಣಾ. ನಿಮ್ಮ ತಂಗಿ ಸತ್ತಾಳ. ನಾ ಎಲ್ಲಿಗೂ ಬರೂದಿಲ್ಲ."

ಆ ಮನುಷ್ಯ ಖಣವನ್ನು ಕಣ್ಣಿಗೆ ಒತ್ತಿಕೊಂಡು ಹೋದ. ಕೆಟ್ಟವನೆಂದು ನನಗೆ ಅನ್ನಿಸಲಿಲ್ಲ. ಮಗಳ ಮದುವೆಯ ಮುಂದೆ ಅಂಜಿದ ತಂದೆ, ಅಷ್ಟೇ. ಆದರೆ ಓಣಿಯ ತಿರುವಿನಲ್ಲಿ ಒಂದು ಸಲವಾದರೂ ತಿರುಗಿ ನೋಡಿಯಾನೆಂದು ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ನೋಡಲಿಲ್ಲ.

ಈ ಕಾರಣಕ್ಕೇ ನಾನು ಇಲ್ಲಿ ಅವರ ಹೆಸರು ಬರೆಯುತ್ತಿಲ್ಲ. ಅದು ಈಗ ಬೇರೆಯವರದು, ಸವಣೂರಿನಲ್ಲಿ ಬಾಳುವೆ ಮಾಡುತ್ತಿದೆ.

ಮುಂದಿನ ಗುರುವಾರ ಅವರು ಎಂದಿನಂತೆ ರೇಡಿಯೋ ಹಚ್ಚಿದರು. ಹಾಜರಾಬಿ ಬಂದರು. ಬಂದ ನೆಂಟ ಯಾರೆಂದು ಓಣಿಯಲ್ಲಿ ಎಲ್ಲರೂ ನನ್ನನ್ನು ಕೇಳಿದ್ದರು, ಹಾಜರಾಬಿ ಮಾತ್ರ ಕೇಳಿರಲಿಲ್ಲ. ನಾಟಕ ಯಾವುದೋ ಬಂತು, ಹೋಯಿತು. ಎಲ್ಲಿ ಕುಂಡ್ರಸೂಣು ಎಂದು ಈ ಸಲ ದೊಡ್ಡಕ್ಕಾರು ಕೇಳಲಿಲ್ಲ. ಚಹ ಆರಿದ ಮೇಲೆ, "ಆ ಹೊರಗ ನಿಂದ್ರಿಸಿದ ನಾಟಕ ಐತೆಲ್ಲ, ಕೆರಿ ದಂಡೀದು. ಅದನ್ನ ಒಳಗ ಕರೀರಿ" ಎಂದರು.

"ಯಾವ ಸಾಲಿಗ್ರಿ?" ಎಂದೆ, ಅಂಜುತ್ತ.

"ಕಡೀ ಸಾಲಿನಾಗರ ಕುಂಡ್ರಲಿ. ಹುಡಿಕ್ಯಾಡಕ ಒಬ್ಬರರ ಇದ್ರಲ್ಲ ಅಕಿಗೆ."

ಹಾಜರಾಬಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಮೊಣಕಾಲ ಮೇಲೆ ಸರಿದು ಬಂದು, ಅವರ ಕೈ ಹಿಡಿದುಕೊಂಡು ಕೂತರು. ಆ ಕೈಯನ್ನು ದೊಡ್ಡಕ್ಕಾರು ಬಿಡಿಸಿಕೊಳ್ಳಲಿಲ್ಲ.

ಬೇಸಿಗೆಯ ಸೂಟಿಯಲ್ಲಿ ಅವರು ತಾವೇ ಓಡಾಡಿ ಹಿರೇಕೆರೂರಿಗೆ ಬದಲಿ ಮಾಡಿಸಿಕೊಂಡರು. ಸವಣೂರಿನ ದಾರಿ ಶಿಗ್ಗಾಂವಿಯ ಮೇಲೆ ಹಾಯುತ್ತದೆ. ತವರಿಗೆ ಹೋಗಿಬರುವ ಮಗಳು, ನೋಡಲು ಬರುವ ಬೀಗರು, ಎಲ್ಲರೂ ಇದೇ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಹತ್ತಬೇಕು. ರೇಡಿಯೋವನ್ನು ಹಾಜರಾಬಿಯ ಮನೆಯಲ್ಲಿಟ್ಟರು. "ನೀವಿಲ್ದ ಇದನ್ನ ಕೇಳಿ ನಾ ಏನ್ ಮಾಡಲಿ?" ಎಂದು ಹಾಜರಾಬಿ ಅತ್ತರು. "ಬಾಗಲಕ್ಕ ಎಣ್ಣಿ ಹಾಕಿದ್ರೋ ಇಲ್ಲೋ ನೋಡ್ರಿ" ಎಂದು ದೊಡ್ಡಕ್ಕಾರು ಟಾಂಗಾ ಹತ್ತಿದರು.

ಒಂದು ವರ್ಷದ ಮೇಲೆ ದೀಪಾವಳಿಯ ಸೂಟಿಯಲ್ಲಿ ನಾನು ಹಿರೇಕೆರೂರಿಗೆ ಹೋದೆ. ಮೊದಲೇ ಬರೆದು ತಿಳಿಸಿದ್ದೆ. ಬಸ್ಸು ಇಳಿದಾಗ ಅವರು ಹುಣಸೆಯ ಮರದ ಕೆಳಗೆ ನಿಂತಿದ್ದರು. ಬಹಳ ಹೊತ್ತಿನಿಂದ ನಿಂತಿದ್ದಾರೆಂಬುದು ಮುಖದಲ್ಲಿ ತಿಳಿಯುತ್ತಿತ್ತು. ಒಂದೇ ಖೋಲಿಯ ಮನೆ. ಗೋಡೆಗೆ ಒಂದು ಚಾಪೆ, ಒಲೆ, ಟ್ರಂಕು. ಮಧ್ಯಾಹ್ನ ಪೂರ್ತಿ ಅವರು ತಪ್ಪಿಸಿಕೊಂಡ ನಾಟಕಗಳ ಕತೆ ಹೇಳಿಸಿಕೊಂಡರು. ಫೌಜದಾರನ ಕೆಮ್ಮು, ಬಾಗಿಲಿನ ಕಿರುಗುಟ್ಟು ನಾನೇ ಮಾಡಿ ತೋರಿಸಿದೆ. ನಕ್ಕರು. ನಂಬರು ಕೇಳಿದರೆ ಮಾತ್ರ, "ಕಿವೀಲೆ ಕೇಳದ ಹೆಂಗ ಕೊಡ್ಲಿ? ಹಾಜರಾಬಿ ಬೆರಳು ನೋಡಿ ಕೊಡ್ರಿ" ಎಂದರು.

ಸಂಜೆ ಅಂಗಳದಲ್ಲಿ ಕೂತಾಗ ತಾವಾಗಿಯೇ ಹೇಳಿದರು. "ಸವಣೂರಿಗೆ ಹೋಗಿದ್ದೆ. ಶಿಕ್ಷಕರ ಸಭಾ ಇತ್ತು, ಹೋಗದ ಬಿಡೂಹಂಗ ಇರಲಿಲ್ಲ. ಎಲಿ ತೋಟದವರ ಮನಿ ಯಾವುದಂತ ಕೇಳಲಿಲ್ಲ. ಕೇಳಬಾರದಂತ ಮಾಡಿದ್ದೆ. ಒಂದು ಓಣ್ಯಾಗ ಹಾದು ಬರೂಮುಂದ ಯಾರೋ ಮನಿಯೊಳಗಿಂದ ಕರದ್ರು. ನನ್ನ ಹೆಸರ ಹಿಡದು. ಎಷ್ಟು ವರ್ಷ ಆಗಿತ್ತೋ ಆ ಹೆಸರ ಹಿಡದು ಯಾರರ ಕರದು! ನಾ ನಿಂತು 'ಓ' ಅನ್ನೂದರಾಗ ಇದ್ದೆ ತಂಗಿ. ಅಷ್ಟರಾಗ ಒಂದು ಹುಡುಗಿ ಓ ಅಂತ ಒಳಗ ಓಡಿದ್ಲು."

"ಮಾರಿ ನೋಡಿದ್ರೇನ್ರಿ?"

"ಇಲ್ಲ. ಹೆರಳ ನೋಡಿದೆ. ಉದ್ದ ಐತಿ."

ಮರುದಿನ ಬಸ್ಸಿಗೆ ಕಳಿಸಲು ಬಂದರು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ಬಂದು, "ಮತ್ತ ಬಾ. ಆದ್ರ ಹೇಳಿ ಬರಬ್ಯಾಡ" ಎಂದರು. "ಹೇಳಿದ್ರ ದಾರಿ ಕಾಯಬೇಕಾಗತೈತಿ. ನನಗ ದಾರಿ ಕಾಯೂ ರೂಢಿ ತಪ್ಪೇತಿ. ಸುಮ್ಮನ ಬಂದು ನಿಂದ್ರು." ಬಸ್ಸು ಹೊರಡುವ ಮೊದಲೇ ಬೆನ್ನು ತಿರುಗಿಸಿ ಬಿರಬಿರನೆ ನಡೆದುಬಿಟ್ಟರು.

ನನ್ನ ಮದುವೆ ಗೊತ್ತಾದಾಗ, ಅವರಿಗೆ ಬಾಯಲ್ಲೇ ಹೇಳಬೇಕೆಂದು, ಬರುವುದನ್ನು ಮೊದಲೇ ತಿಳಿಸದೆ ಹಿರೇಕೆರೂರಿಗೆ ಹೋದೆ. ಕೈಯಲ್ಲಿ ಹಾಜರಾಬಿ ಕೊಟ್ಟ ಒಂದು ಸಣ್ಣ ಕೌದಿಯಿತ್ತು. ಮನೆಗೆ ಕೀಲಿ ಹಾಕಿತ್ತು. ಬಾಜೂ ಮನೆಯ ಅಜ್ಜಿ ಹೊರಗೆ ಬಂದು, "ಹುಡುಗ್ಯಾರನ್ನ ಕರಕೊಂಡು ಅಬಲೂರ ಗುಡಿ ನೋಡಾಕ ಹೋಗ್ಯಾರವಾ. ಹೊತ್ತು ಮುಳಗೂತನಾ ಬರೂದಿಲ್ಲ" ಎಂದರು. ಕಡೆಯ ಬಸ್ಸು ಅದಕ್ಕಿಂತ ಮೊದಲೇ ಇತ್ತು. ಕಟ್ಟೆಯ ಮೇಲೆ ಕೂತು ಕಾದೆ. ಬಿಸಿಲು ಅಂಗಳ ದಾಟಿ ಗೋಡೆ ಏರಿತು. ಅವರು ಬರಲಿಲ್ಲ. ಕೌದಿಯನ್ನು ಅಲ್ಲಿಟ್ಟು ಬರೋಣವೆಂದು ಬಾಗಿಲ ಮುಂದೆ ಇಟ್ಟೆ, ಮತ್ತೆ ಎತ್ತಿಕೊಂಡೆ.

"ಯಾರು ಬಂದಿದ್ರಂತ ಹೇಳ್ಲಿ?" ಎಂದರು ಅಜ್ಜಿ.

ಹೇಳಿದರೆ ಏನಾಗುವುದೆಂದು ನನಗೆ ಗೊತ್ತಿತ್ತು. ಮರುದಿನದಿಂದ ಅವರು ಶಾಲೆ ಬಿಟ್ಟೊಡನೆ ಬಸ್‌ಸ್ಟ್ಯಾಂಡಿನ ಕಡೆ ಹೋಗುವರು. ನಾನು ಮದುವೆಯಾಗಿ ಎಷ್ಟೋ ದೂರ ಹೊರಟವಳು, ಯಾವಾಗ ಬಂದೇನೋ.

"ಯಾರೂ ಬಂದಿರಲಿಲ್ಲ ಅನ್ರಿ" ಎಂದೆ.